ಚೌಕಟ್ಟಿನ ಬೆನ್ನಿನ ಚೀಟಿ: ಥಾಮಸ್ ಕಿಂಕೇಡ್ ಎಂಬ ಚಿತ್ರ ವ್ಯಾಪಾರ

ಮುಂದಿನಿಂದ ನೋಡಿದರೆ ಒಂದು ಕಲ್ಲಿನ ಪುಟ್ಟ ಮನೆ. ಹುಲ್ಲಿನ ಸೂರು, ಚಿಮಣಿಯಲ್ಲಿ ಹೊಗೆ, ಅಂಗಳದ ತುಂಬ ಹೂವು, ಪಕ್ಕದಲ್ಲೊಂದು ತೊರೆ. ಮಳೆ ಈಗಷ್ಟೇ ನಿಂತ ಮುಸ್ಸಂಜೆ. ಮನೆಯ ಒಂದು ಕಿಟಕಿಯೂ ಬಿಡದಂತೆ ಅರಿಶಿನದ ಬೆಳಕು ಹೊರಗೆ ಚೆಲ್ಲುತ್ತಿದೆ. ಅಂಗಳದಲ್ಲಾಗಲಿ ಬಾಗಿಲಲ್ಲಾಗಲಿ ಒಂದು ನರಪಿಳ್ಳೆಯೂ ಇಲ್ಲ.

ಈಗ ಚೌಕಟ್ಟನ್ನು ತಿರುಗಿಸಿ. ಇದು ಅಸಲಿ, ಇಷ್ಟೇ ಪ್ರತಿಗಳಲ್ಲಿ ಇಂಥ ನಂಬರಿನದು ಎಂದು ಸಾರುವ ಪ್ರಮಾಣಪತ್ರ ಸಿಗುತ್ತದೆ. ಥಾಮಸ್ ಕಿಂಕೇಡ್ ಎಂಬ ಅಮೆರಿಕನ್ ಚಿತ್ರಕಾರನ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಮುಂಭಾಗದ ಮನೆಯನ್ನು ನೋಡಿ ಹೊಗಳಿದವು ಅಥವಾ ಮೂಗು ಮುರಿದವು. ಪ್ರಕರಣವಾಗಿ ನೋಡುವವರಿಗೆ ಹಿಂದಿನ ಚೀಟಿಯೇ ಮುಖ್ಯ. ಅವನನ್ನು ಅಷ್ಟು ಎತ್ತರಕ್ಕೆ ಏರಿಸಿದ್ದೂ ಕೆಳಗೆ ಬೀಳಿಸಿದ್ದೂ ಅದೇ.

ಉಚ್ಛ್ರಾಯದ ದಿನಗಳಲ್ಲಿ ಅವನ ಕಂಪನಿ, ಅಮೆರಿಕದ ಪ್ರತಿ 20 ಮನೆಗಳಲ್ಲಿ ಒಂದರ ಗೋಡೆಯ ಮೇಲೆ ಕಿಂಕೇಡ್ ಚಿತ್ರವಿದೆ ಎಂದು ಹೇಳಿಕೊಳ್ಳುತ್ತಿತ್ತು. ಕಂಪನಿಯ ಮಾತು, ಸ್ವಲ್ಪ ಕಳೆದೇ ಲೆಕ್ಕ ಹಿಡಿಯೋಣ. ಹಾಗಿದ್ದರೂ ಅವನ ಕಾಲದಲ್ಲಿ ಅಷ್ಟು ಮನೆಗಳನ್ನು ಹೊಕ್ಕ ಇನ್ನೊಬ್ಬ ಜೀವಂತ ಚಿತ್ರಕಾರನನ್ನು ಹುಡುಕುವುದು ಕಷ್ಟ.

ಕತ್ತಲೆ ಮನೆಯ ಹುಡುಗ

ಹುಟ್ಟಿದ್ದು 1958ರ ಜನವರಿ 19ರಂದು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಬೆಳೆದದ್ದು ಅದೇ ರಾಜ್ಯದ ಬೆಟ್ಟದ ಸೆರಗಿನ ಪ್ಲಾಸರ್‌ವಿಲ್‌ನಲ್ಲಿ, ಹಿಂದೆ ಚಿನ್ನ ಅರಸಿ ಬಂದವರು ಕಟ್ಟಿಕೊಂಡ ಊರು. ಅಪ್ಪ ಮನೆ ಬಿಟ್ಟು ಹೋದ. ಅಮ್ಮ ದುಡಿದು ಮಕ್ಕಳನ್ನು ಸಾಕಿದಳು, ಕೈಯಲ್ಲಿ ಯಾವತ್ತೂ ಬಿಡಿಗಾಸು. ಶಾಲೆ ಮುಗಿಸಿ ಬಂದರೆ ಮನೆ ಕತ್ತಲಾಗಿರುತ್ತಿತ್ತು, ತಣ್ಣಗಿರುತ್ತಿತ್ತು, ಬೇರೆಯವರ ಮನೆಯ ಕಿಟಕಿಗಳಲ್ಲಿ ದೀಪ ಇರುತ್ತಿತ್ತು ಎಂದು ಮುಂದೆ ಅವನು ಹೇಳಿಕೊಳ್ಳುತ್ತಿದ್ದ. ಮಾರಾಟಕ್ಕೆ ಹೇಳಿ ಮಾಡಿಸಿದಂಥ ಕಥೆ, ನಿಜ. ಹಾಗಂತ ಸುಳ್ಳೆಂದು ತಳ್ಳಿಹಾಕಲೂ ನನಗೆ ಮನಸ್ಸು ಬರುವುದಿಲ್ಲ. ಆ ಕಿಟಕಿಗಳನ್ನು ಅವನು ಮೂವತ್ತು ವರ್ಷ ಬಿಡದೆ ಬರೆದ.

ಪಕ್ಕದ ಮನೆಗೆ ಗ್ಲೆನ್ ವೆಸೆಲ್ಸ್ ಎಂಬ ಹಿರಿಯ ಕಲಾವಿದ ಬಂದು ನೆಲೆಸಿದ್ದು ಹುಡುಗನ ಅದೃಷ್ಟ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದವರು ಅವರು. ಅವರ ಸ್ಟುಡಿಯೊದಲ್ಲಿ ಕೈಯಾಳಾಗಿದ್ದುಕೊಂಡು ಕಲಿತ, ಅವರ ಒತ್ತಾಸೆಯಿಂದಲೇ ಬರ್ಕ್ಲಿ ಸೇರಿದ. ಅಲ್ಲಿ ಎರಡು ವರ್ಷ ಕಳೆದು ಪಾಸಡೀನಾದ ಆರ್ಟ್ ಸೆಂಟರ್ ಕಾಲೇಜಿಗೆ ಹೋದ. ಬರ್ಕ್ಲಿಯಲ್ಲಿ ಕಲೆಯೆಂದರೆ ಕಲಾವಿದ ತನ್ನನ್ನು ತಾನು ತೋಡಿಕೊಳ್ಳುವುದು. ಪಾಸಡೀನಾದಲ್ಲಿ ಕಲೆಯೆಂದರೆ ಗಿರಾಕಿಯ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸಿಕೊಡುವುದು. ಕಿಂಕೇಡ್ ಯಾವ ಪಾಠವನ್ನು ಕಟ್ಟಿಕೊಂಡು ಹೊರಬಂದ ಎಂಬುದರಲ್ಲಿ ಅನುಮಾನವಿಲ್ಲ.

1980ರಲ್ಲಿ ಗೆಳೆಯ ಜೇಮ್ಸ್ ಗರ್ನಿಯ ಜೊತೆ ಗೂಡ್ಸ್ ರೈಲುಗಳನ್ನು ಹತ್ತಿಕೊಂಡು ದೇಶ ಸುತ್ತಿದ. ಕಂಡದ್ದನ್ನೆಲ್ಲ ಬರೆಯುತ್ತ ನ್ಯೂಯಾರ್ಕ್ ಮುಟ್ಟಿದ ಈ ಇಬ್ಬರು, ರೇಖಾಚಿತ್ರ ಬರೆಯುವುದು ಹೇಗೆಂಬ ಪುಸ್ತಕಕ್ಕೆ ಪ್ರಕಾಶಕರನ್ನು ಒಪ್ಪಿಸಿಕೊಂಡು ಬಂದರು. 1982ರಲ್ಲಿ ಅದು ಅಚ್ಚಾಯಿತು. ಅದೇ ವರ್ಷ ಬಾಲ್ಯದ ಗೆಳತಿ ನ್ಯಾನೆಟ್ ಜೊತೆ ಮದುವೆ. ಆಮೇಲೆ ರಾಲ್ಫ್ ಬಕ್ಷಿ ನಿರ್ದೇಶಿಸಿ 1983ರಲ್ಲಿ ತೆರೆಕಂಡ ಆನಿಮೇಷನ್ ಸಿನಿಮಾಕ್ಕೆ ಇಬ್ಬರೂ ಹಿನ್ನೆಲೆ ಚಿತ್ರಗಳನ್ನು ಬರೆದುಕೊಟ್ಟರು. ಆನಿಮೇಷನ್ ಹಿನ್ನೆಲೆಯೆಂದರೆ ಪಾತ್ರಗಳು ಇನ್ನೂ ಬಂದಿರದ ಖಾಲಿ ರಂಗ. ಕಾಡು, ಗುಹೆ, ಮಂಜು, ಅದರ ಮೇಲೆ ಎಲ್ಲಿಂದಲೋ ಬೀಳುವ ಬೆಳಕು. ಬೇಗ ಬರೆಯಬೇಕು, ಬೆಳಕಿನಿಂದಲೇ ಭಾವ ಹುಟ್ಟಿಸಬೇಕು. ಕಿಂಕೇಡ್ ಚಿತ್ರಗಳಲ್ಲಿ ಜನರೇಕೆ ಇಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಅವನು ಕೊನೆಯವರೆಗೂ ಹಿನ್ನೆಲೆಯನ್ನೇ ಬರೆದ. ಪಾತ್ರದ ಜಾಗವನ್ನು ಕೊಳ್ಳುವವನಿಗೆ ಬಿಟ್ಟ.

ಎರಡು ಹೆಸರು

ಈ ಹೊತ್ತಿನ ಒಂದು ಸಂಗತಿಯನ್ನು ಅವನ ಅಭಿಮಾನಿಗಳೂ ಟೀಕಾಕಾರರೂ ಅಷ್ಟಾಗಿ ಎತ್ತುವುದಿಲ್ಲ. 1980ರ ದಶಕದಲ್ಲಿ ಅವನು ರಾಬರ್ಟ್ ಗಿರಾರ್ಡ್ ಎಂಬ ಇನ್ನೊಂದು ಹೆಸರಿನಲ್ಲೂ ಬರೆಯುತ್ತಿದ್ದ. ಫ್ರೆಂಚ್ ಇಂಪ್ರೆಷನಿಸ್ಟರ ದಾರಿಯ ಚಿತ್ರಗಳವು. ಕುಂಚ ಸಡಿಲ, ಬಣ್ಣ ದಪ್ಪ, ಎಲ್ಲವನ್ನೂ ತಿದ್ದಿ ತೀಡುವ ಹಟವಿಲ್ಲ. ಸ್ವಂತ ಹೆಸರಿನಲ್ಲಿ ಊರಿನ ಬೀದಿ, ಮಂಜಿನ ಸಂಜೆ, ದೀಪದ ಮನೆ. ಬಾಡಿಗೆ ಹೆಸರಿನಲ್ಲಿ ಆಟ.

1984ರಿಂದ ಅವನೂ ನ್ಯಾನೆಟ್ಟೂ ಸ್ವಂತ ಹಣ ಹಾಕಿ ಚಿತ್ರಗಳ ಮುದ್ರಿತ ಪ್ರತಿಗಳನ್ನು ಮಾರತೊಡಗಿದ್ದರು. ದೀಪದ ಮನೆ ಬಿಕರಿಯಾಯಿತು. 1980ರ ದಶಕದ ಕೊನೆಗೆ ಕೆನ್ ರಾಶ್ ಎಂಬ ವ್ಯವಹಾರಸ್ಥ ಜೊತೆಯಾಗಿ ಲೈಟ್‌ಪೋಸ್ಟ್ ಪಬ್ಲಿಷಿಂಗ್ ಹುಟ್ಟಿತು. ಗಿರಾರ್ಡ್ ಅಲ್ಲಿಗೆ ಸುಮ್ಮನಾದ. ಲೈಟ್‌ಪೋಸ್ಟ್ ಬೆಳೆದು ಮೀಡಿಯಾ ಆರ್ಟ್ಸ್ ಗ್ರೂಪ್ ಆಯಿತು, 1994ರಲ್ಲಿ ಷೇರುಪೇಟೆಗೆ ಇಳಿಯಿತು. ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದ ಚಿತ್ರಕಾರ! ಈ ತಿಂಗಳು ಕೈ ಓಡುತ್ತಿಲ್ಲ ಎನ್ನುವ ಹಕ್ಕು ಅವನಿಗೆ ಅಂದಿನಿಂದ ಇಲ್ಲವಾಯಿತು.

ಬೊಟ್ಟು ಬಣ್ಣದ ಬೆಲೆ

ಸರಕು ತಯಾರಾಗುತ್ತಿದ್ದ ಬಗೆಯನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು, ಬುದ್ಧಿವಂತಿಕೆ ಇರುವುದೇ ಅಲ್ಲಿ.

ಕಿಂಕೇಡ್ ಒಂದು ಮೂಲಚಿತ್ರ ಬರೆಯುತ್ತಾನೆ. ಅದನ್ನು ಮಾರುವುದಿಲ್ಲ. ಅದರ ಡಿಜಿಟಲ್ ಪ್ರತಿ ತೆಗೆದು, ಮುದ್ರಿಸಿ, ಆ ಮುದ್ರಣವನ್ನು ಕ್ಯಾನ್ವಾಸಿನ ಮೇಲೆ ಕೂರಿಸುತ್ತಾರೆ. ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಪೋಸ್ಟರು, ಅಷ್ಟೆ. ಇದಾದ ಮೇಲೆ ಸಾಲಾಗಿ ಕೂತ ಕೆಲಸಗಾರರು ನಿಗದಿಯಾದ ಜಾಗಗಳಿಗೆ ಕೈಯಿಂದ ಬಣ್ಣ ಮುಟ್ಟಿಸುತ್ತಾರೆ. ಕಿಟಕಿಗೊಂದು ಬೊಟ್ಟು, ಹೂವಿಗೊಂದು, ನೀರಿನ ಮಿನುಗಿಗೊಂದು. ಇವರ ಹೆಸರು ‘ಹೈಲೈಟರ್’. ಮುಟ್ಟಿ ನೋಡಿದರೆ ಬಣ್ಣ ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಆ ಉಬ್ಬಿಗೇ ಬೆಲೆ.

ಬೆಲೆಗೆ ಮೆಟ್ಟಿಲುಗಳಿದ್ದವು. ಕಾಗದದ ಪ್ರತಿ, ಕ್ಯಾನ್ವಾಸ್ ಪ್ರತಿ, ಅದರ ಮೇಲೆ ‘ಪ್ರೂಫ್’ ಎಂಬ ವಿಶೇಷ ದರ್ಜೆಯ ಪ್ರತಿಗಳು: ಕಲಾವಿದನ ಪ್ರೂಫ್, ಗ್ಯಾಲರಿ ಪ್ರೂಫ್, ಸ್ಟುಡಿಯೊ ಪ್ರೂಫ್ ಹೀಗೆ. ಸಾಮಾನ್ಯ ಹೈಲೈಟರ್ ಮುಟ್ಟಿದ್ದಕ್ಕೆ ಒಂದು ದರ, ತರಬೇತಾದ ‘ಮಾಸ್ಟರ್ ಹೈಲೈಟರ್’ ಗ್ಯಾಲರಿಗೆ ಬಂದು ಗಿರಾಕಿಯ ಕಣ್ಣೆದುರೇ ಮುಟ್ಟಿದರೆ ಇನ್ನೊಂದು, ಸ್ವತಃ ಕಿಂಕೇಡ್ ಕುಂಚ ತಾಗಿಸಿದ್ದರೆ ಹತ್ತಾರು ಸಾವಿರ ಡಾಲರು. ಕೆಳಗಿನ ಮೆಟ್ಟಿಲು ಕೆಲವು ನೂರು ಡಾಲರಿನಲ್ಲಿ ಶುರು. ಗುಡಿಯಲ್ಲಿ ಸಾಲಿನ ದರ್ಶನ, ವಿಶೇಷ ದರ್ಶನ, ಗರ್ಭಗುಡಿಯ ಹೊಸ್ತಿಲ ದರ್ಶನ ಎಂದು ಟಿಕೆಟ್ ಹರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಹಿಯ ಮಾತು ಬೇರೆಯೇ. ಅದರ ಜೊತೆ ಒಂದು ಮೀನಿನ ಚಿಹ್ನೆ, ಬೈಬಲ್ಲಿನ ಯೋಹಾನನ ಸುವಾರ್ತೆಯ 3:16ನೇ ವಚನದ ಗುರುತು. ಚಿತ್ರದೊಳಗೆ ಅಲ್ಲಲ್ಲಿ ನ್ಯಾನೆಟ್ಟಳ ಹೆಸರಿನ ಮೊದಲ ಅಕ್ಷರವನ್ನು ಅಡಗಿಸಿಟ್ಟು, ಎಷ್ಟು ಕಡೆ ಅಡಗಿದೆ ಎಂಬ ಲೆಕ್ಕವನ್ನೂ ಸಹಿಯ ಬಳಿ ಕೊಡುತ್ತಿದ್ದ. ಮಕ್ಕಳು ಹುಡುಕಲಿ ಎಂದು. ಇದೆಲ್ಲ ಸಾಲದೆಂಬಂತೆ, ನಕಲಿ ತಡೆಯಲು ಕಿಂಕೇಡನ ಡಿಎನ್‌ಎ ಬೆರೆಸಿದ ಶಾಯಿ! ಕೋಣೆ ತುಂಬುವಷ್ಟು ಪ್ರತಿಗಳನ್ನು ಯಂತ್ರ ಉಗುಳುತ್ತಿದೆ, ಅವುಗಳಲ್ಲಿ ‘ಅಸಲಿ’ಯನ್ನು ಸಾಬೀತುಮಾಡಲು ಮನುಷ್ಯನ ಮೈಯ ಅಂಶ ಬೇಕಾಗಿದೆ. ‘ಬೆಳಕಿನ ಚಿತ್ರಕಾರ’ ಎಂಬ ಬಿರುದನ್ನೂ ಅವನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಟರ್ನರನನ್ನು ಜನ ಹಾಗೆ ಕರೆದಿದ್ದರು, ಪಾಪ, ನೋಂದಣಿ ಮಾಡಿಸಿರಲಿಲ್ಲ.

‘ಲಿಮಿಟೆಡ್ ಎಡಿಷನ್’ ಎಂಬ ಮಾತಿನ ಕೈಚಳಕವನ್ನು ಒಂದು ಉದಾಹರಣೆಯ ಲೆಕ್ಕದಲ್ಲಿ ಹಿಡಿಯಬಹುದು. ಒಂದು ಚಿತ್ರಕ್ಕೆ ಐದು ದರ್ಜೆ, ಮೂರು ಅಳತೆ, ಒಂದೊಂದು ಗುಂಪಿನಲ್ಲಿ ಸಾವಿರ ಪ್ರತಿ ಎಂದುಕೊಳ್ಳಿ. ಪ್ರತಿ ಚೀಟಿಯ ಮೇಲೂ ಸಾವಿರದಲ್ಲಿ ಇಂತಿಷ್ಟನೆಯದು ಎಂದಿರುತ್ತದೆ, ಅದರಲ್ಲಿ ಸುಳ್ಳಿಲ್ಲ. ಅದೇ ಮನೆ ಮಾತ್ರ ಹದಿನೈದು ಸಾವಿರ ಗೋಡೆಗಳ ಮೇಲಿರುತ್ತದೆ. ನಮ್ಮ ಕಿರಾಣಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನ ಲಕ್ಷ್ಮಿಯೂ ಲಕ್ಷಗಟ್ಟಲೆ ಅಚ್ಚಾಗುತ್ತಾಳೆ. ಆದರೆ ಅವಳನ್ನು ಮುಂದೆ ಮಾರಿ ಮಗಳ ಮದುವೆ ಮಾಡಬಹುದೆಂದು ಯಾರೂ ಎಣಿಸುವುದಿಲ್ಲ. ಕಿಂಕೇಡ್ ಚಿತ್ರ ಕೊಂಡವರಲ್ಲಿ ಅನೇಕರು ಮುಂದೆ ಬೆಲೆ ಏರುತ್ತದೆಂದು ನಂಬಿ ಕೊಂಡರು.

ಗಿರಾಕಿ ಯಾರು?

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲಿದೆ. ಚಿತ್ರವನ್ನು ಮನೆಗೊಯ್ದು ತೂಗುಹಾಕಿದವರು ಗಿರಾಕಿಗಳೆಂದು ಹೊರಗಿನವರು ತಿಳಿದಿದ್ದರು. ಕಂಪನಿಯ ಪುಸ್ತಕದಲ್ಲಿ ಹಾಗಿರಲಿಲ್ಲ.

ಮಾಲುಗಳಲ್ಲಿ, ಪ್ರವಾಸಿ ಊರುಗಳಲ್ಲಿ ‘ಥಾಮಸ್ ಕಿಂಕೇಡ್ ಸಿಗ್ನೇಚರ್ ಗ್ಯಾಲರಿ’ಗಳು ಎದ್ದವು. ಉತ್ತುಂಗದಲ್ಲಿ ಸುಮಾರು 350. ಇವುಗಳಲ್ಲಿ ಬಹುಪಾಲು ಕಂಪನಿಯವಲ್ಲ. ನಿವೃತ್ತಿ ಹಣವನ್ನೋ ಮನೆಯ ಮೇಲೆ ಎತ್ತಿದ ಸಾಲವನ್ನೋ ಸುರಿದ ಸಾಮಾನ್ಯ ಜನ ಮಾಲೀಕರು. ತರಬೇತಿಗೆ ಹೋಗುತ್ತಿದ್ದರು, ಅದಕ್ಕೆ ‘ಕಿಂಕೇಡ್ ಯೂನಿವರ್ಸಿಟಿ’ ಎಂದೇ ಹೆಸರು. ಬೇರೆ ಕಲಾವಿದರ ಚಿತ್ರಕ್ಕೆ ಆ ಅಂಗಡಿಯಲ್ಲಿ ಜಾಗವಿಲ್ಲ. ಕಂಪನಿ ಅವರಿಗೆ ಸಗಟು ದರದಲ್ಲಿ ಸರಕು ಕಳಿಸುತ್ತಿತ್ತು. ಅಲ್ಲಿಗೆ ಕಂಪನಿಯ ಮಾರಾಟ ಮುಗಿಯಿತು. ಚಿತ್ರ ಗೋಡೆಗೆ ಹೋಯಿತೋ ಗೋದಾಮಿನಲ್ಲಿ ಉಳಿಯಿತೋ, ಅದು ಅಂಗಡಿಯವನ ತಲೆನೋವು. ಅಂದರೆ ಕಂಪನಿಯ ನಿಜವಾದ ಗಿರಾಕಿ ಗ್ಯಾಲರಿ ಇಟ್ಟವನು. ಹಳೆ ಗಿರಾಕಿ ಇನ್ನಷ್ಟು ಕೊಳ್ಳಬೇಕು, ಇಲ್ಲವೇ ಹೊಸ ಊರಿನಲ್ಲಿ ಹೊಸ ಗ್ಯಾಲರಿ ಏಳಬೇಕು. ಎರಡೂ ನಿಂತ ದಿನ ಬೆಳವಣಿಗೆ ನಿಲ್ಲುತ್ತದೆ.

2000ದಲ್ಲಿ ಕಂಪನಿಯ ವಾರ್ಷಿಕ ಆದಾಯ 13 ಕೋಟಿ ಡಾಲರು ಮುಟ್ಟಿತ್ತು. ಟಿವಿಯ ಕ್ಯೂವಿಸಿ ಮಾರಾಟ ಚಾನೆಲ್ಲಿನಲ್ಲೂ ಅವನ ಚಿತ್ರಗಳು ಬಿಕರಿಯಾದವು. ಕಾಫಿ ಕಪ್, ಕಂಬಳಿ, ಗ್ರೀಟಿಂಗ್ ಕಾರ್ಡು, ಲೇಜಿಬಾಯ್ ಕುರ್ಚಿ, ಎಲ್ಲದರ ಮೇಲೂ ಕಿಂಕೇಡ್. 2001ರಲ್ಲಿ ಕ್ಯಾಲಿಫೋರ್ನಿಯಾದ ವಲೇಹೊ ಊರಿನಲ್ಲಿ ಅವನ ಚಿತ್ರಗಳ ಸ್ಫೂರ್ತಿಯದೆಂಬ ಒಂದು ಬಡಾವಣೆಯೇ ಮಾರಾಟಕ್ಕೆ ಬಂತು. ಮನೆಯ ನಾಲ್ಕು ಮಾದರಿಗಳಿಗೆ ಅವನ ನಾಲ್ಕು ಹೆಣ್ಣುಮಕ್ಕಳ ಹೆಸರು. ನೋಡಲು ಹೋದ ಪತ್ರಕರ್ತರಿಗೆ ಸಿಕ್ಕಿದ್ದು ಬೇಲಿಯೊಳಗಿನ ಮಾಮೂಲಿ ಸೈಟು-ಮನೆ.

ವಿಮರ್ಶಕರ ಮಾತಿಗೆ ಹೆಚ್ಚು ಜಾಗ ಕೊಡಲಾರೆ, ಅವರು ಹೇಳಬಹುದಾದದ್ದನ್ನು ಯಾರಾದರೂ ಊಹಿಸಬಹುದು. ಒಂದು ಮಾತ್ರ ಮರೆಯಲಾಗುವುದಿಲ್ಲ. ಆ ಕಿಟಕಿಗಳ ಬೆಳಕು ಎಷ್ಟು ಉರಿಯುತ್ತದೆಂದರೆ ಮನೆಯೊಳಗೆ ಬೆಂಕಿ ಬಿದ್ದಂತಿದೆ ಎಂದು ಕ್ಯಾಲಿಫೋರ್ನಿಯಾದವಳೇ ಆದ ಒಬ್ಬ ಹಿರಿಯ ಲೇಖಕಿ ಬರೆದಳು. ಅದನ್ನು ಓದಿದ ಮೇಲೆ ಮೊದಲಿನ ಕಣ್ಣಿನಿಂದ ಆ ಚಿತ್ರಗಳನ್ನು ನೋಡಲು ನನಗಂತೂ ಆಗಿಲ್ಲ. 2004ರಲ್ಲಿ ಜೆಫ್ರಿ ವ್ಯಾಲೆನ್ಸ್ ಎಂಬ ಕಲಾವಿದ ಕ್ಯಾಲಿಫೋರ್ನಿಯಾದಲ್ಲಿ ಕಿಂಕೇಡ್ ವಸ್ತುಗಳನ್ನೆಲ್ಲ, ಚಿತ್ರದಿಂದ ಕುರ್ಚಿಯವರೆಗೆ, ಒಂದು ಗಂಭೀರ ಕಲಾಪ್ರದರ್ಶನವಾಗಿ ಜೋಡಿಸಿ ತೋರಿಸಿದ. ಗೇಲಿಯೋ ಗೌರವವೋ ಎಂದು ಬಂದವರಿಗೆ ಬೇಗ ತಿಳಿಯಲಿಲ್ಲ. ಕಿಂಕೇಡನಿಗೆ ಖುಷಿಯೇ ಆಯಿತು.

ಪೆಟ್ಟು

ಅಷ್ಟರಲ್ಲಿ ಅಂಗಡಿಯವರು ಮುಳುಗುತ್ತಿದ್ದರು. ಅವರ ದೂರಿನ ಸಾರ ಹೀಗಿತ್ತು: ನಮ್ಮ ಊರಿನಲ್ಲೇ ಇನ್ನೊಂದು ಗ್ಯಾಲರಿಗೆ ಅನುಮತಿ ಕೊಟ್ಟರು, ಬೇಡವೆಂದರೂ ಸರಕು ಹೇರಿದರು, ನಾವು ರಿಯಾಯಿತಿ ಕೊಡುವಂತಿಲ್ಲ ಎಂದು ಕಟ್ಟುಮಾಡಿ ತಾವೇ ಅಗ್ಗದ ಅಂಗಡಿಗಳಿಗೆ ಅದೇ ಚಿತ್ರ ಹರಿಸಿದರು. ಕಂಪನಿ ಇದನ್ನೆಲ್ಲ ಅಲ್ಲಗಳೆಯಿತು. ಸಾವಿರ ಡಾಲರಿಗೆ ಮಾರಬೇಕಾದ ‘ಸೀಮಿತ’ ಪ್ರತಿ ಪಕ್ಕದ ಬೀದಿಯಲ್ಲಿ ಕಾಲು ಬೆಲೆಗೆ ನೇತಾಡಿದರೆ ಬೆನ್ನಿನ ಚೀಟಿಗೆ ಏನು ಬೆಲೆ? 2005ರ ಹೊತ್ತಿಗೆ ಗ್ಯಾಲರಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿತ್ತು.

2004ರ ಆರಂಭದಲ್ಲಿ ಕಿಂಕೇಡ್ ಒಂದು ಷೇರಿಗೆ 4 ಡಾಲರಿನಂತೆ, ಒಟ್ಟು 3.27 ಕೋಟಿ ಡಾಲರಿಗೆ ಕಂಪನಿಯನ್ನು ಷೇರುಪೇಟೆಯಿಂದ ಹಿಂದಕ್ಕೆ ತೆಗೆದುಕೊಂಡ. ಬೇಕೆಂದೇ ಬೆಲೆ ಬೀಳಿಸಿ ಅಗ್ಗಕ್ಕೆ ಕೊಂಡ ಎಂಬುದು ಕೆಲವು ಮಾಜಿ ಗ್ಯಾಲರಿ ಮಾಲೀಕರ ಆರೋಪ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ದಾಖಲೆಗಳನ್ನು ಉಲ್ಲೇಖಿಸಿ ಬರೆದಂತೆ, 1997ರಿಂದ 2005ರ ನಡುವೆ ಅವನ ಸ್ವಂತ ಗಳಿಕೆ 5.3 ಕೋಟಿ ಡಾಲರು.

2006ರಲ್ಲಿ ಮಧ್ಯಸ್ಥಿಕೆ ಮಂಡಳಿಯ ತೀರ್ಪು ಬಂತು. ವರ್ಜೀನಿಯಾ ರಾಜ್ಯದಲ್ಲಿ ಗ್ಯಾಲರಿ ನಡೆಸಿ ಕೈಸುಟ್ಟುಕೊಂಡಿದ್ದ ಇಬ್ಬರಿಗೆ 8,60,000 ಡಾಲರು ಪರಿಹಾರ. ವಕೀಲರ ಖರ್ಚು, ಬಡ್ಡಿ ಸೇರುತ್ತ ಮುಂದೆ ಅದು 20 ಲಕ್ಷ ದಾಟಿತು. ಹಣಕ್ಕಿಂತ ಮಂಡಳಿ ಕೊಟ್ಟ ಕಾರಣ ಗಮನಿಸಬೇಕಾದ್ದು. ವ್ಯಾಪಾರಕ್ಕೆ ಇಳಿಯುವವರಿಗೆ ತಿಳಿಸಲೇಬೇಕಾದ ಸಂಗತಿಗಳನ್ನು ಕಂಪನಿ ತಿಳಿಸಲಿಲ್ಲ, ಜೊತೆಗೆ ವಿಶೇಷ ನಂಬಿಕೆ ಹುಟ್ಟಿಸಲೆಂದೇ ಒಂದು ಧಾರ್ಮಿಕ ವಾತಾವರಣವನ್ನು ನಿರ್ಮಿಸಿತು ಎಂದಿತು ಮಂಡಳಿ. ಮೀನಿನ ಚಿಹ್ನೆ, ಬೈಬಲ್ ವಚನ, ಮಾತುಮಾತಿಗೆ ದೇವರ ಹೆಸರು. ನಮ್ಮವನು, ನಮ್ಮ ದೇವರನ್ನು ನಂಬಿದವನು ಎಂದು ಕರಾರಿನ ಸಣ್ಣಕ್ಷರ ಓದದೆ ಸಹಿ ಹಾಕುವುದು ಒಂದು ದೇಶಕ್ಕೋ ಒಂದು ಮತಕ್ಕೋ ಸೇರಿದ ರೋಗವಲ್ಲ.

ಕಿಂಕೇಡ್ ಮೋಸಗಾರನೇ? ಇಡಿಯಾಗಿ ಹಾಗೆನ್ನಲು ನಾನು ತಯಾರಿಲ್ಲ. ಅವನಿಗೆ ತನ್ನ ಚಿತ್ರಗಳಲ್ಲಿ ನಂಬಿಕೆ ಇತ್ತು. ಕ್ಯಾನ್ಸರ್ ವಾರ್ಡಿನಲ್ಲಿ, ವೃದ್ಧಾಶ್ರಮದಲ್ಲಿ ಆ ದೀಪದ ಕಿಟಕಿ ನೋಡಿ ಸಮಾಧಾನ ಕಂಡವರ ಸಮಾಧಾನ ಸುಳ್ಳಲ್ಲ. ಆದರೆ ಸಮಾಧಾನವನ್ನು ಹೂಡಿಕೆಯೆಂದು ಕಟ್ಟಿ ಕೊಟ್ಟದ್ದು ಚೀಟಿ, ಆ ಚೀಟಿಗೆ ಅವನ ಸಹಿ ಇತ್ತು.

2010ರ ಜೂನ್‌ನಲ್ಲಿ, ತೀರ್ಪಿನ ಬಾಕಿಯಲ್ಲಿ ಕಟ್ಟಬೇಕಿದ್ದ 10 ಲಕ್ಷ ಡಾಲರಿನ ಕಂತು ತಪ್ಪಿದ ಮರುದಿನವೇ, ಅವನ ಚಿತ್ರಗಳ ಪ್ರತಿಗಳನ್ನು ತಯಾರಿಸುತ್ತಿದ್ದ ಪೆಸಿಫಿಕ್ ಮೆಟ್ರೊ ಕಂಪನಿ ದಿವಾಳಿ ಕಾನೂನಿನಡಿ ರಕ್ಷಣೆ ಕೋರಿ ಅರ್ಜಿ ಹಾಕಿತು. ಅದೇ ತಿಂಗಳು ಕುಡಿದು ಕಾರು ಓಡಿಸಿದ್ದಕ್ಕೆ ಕಾರ್ಮೆಲ್ ಬಳಿ ಅವನ ಬಂಧನವಾಯಿತು. ನ್ಯಾನೆಟ್ಟಳಿಂದ ದೂರವಾಗಿ, ಇನ್ನೊಬ್ಬ ಗೆಳತಿಯ ಜೊತೆ ಸ್ಯಾನ್ ಹೋಸೆ ಹತ್ತಿರದ ಮಾಂಟೆ ಸೆರಿನೊದ ಮನೆಯಲ್ಲಿದ್ದ. 2012ರ ಏಪ್ರಿಲ್ 6, ಗುಡ್ ಫ್ರೈಡೇ ದಿನ, ಆ ಮನೆಯಲ್ಲೇ ತೀರಿಕೊಂಡ. ವಯಸ್ಸು 54. ಮದ್ಯ ಮತ್ತು ಡಯಾಜೆಪಾಮ್ ಮಾತ್ರೆ ಸೇರಿ ಆದ ಆಕಸ್ಮಿಕ ಸಾವು ಎಂದಿತು ಶವಪರೀಕ್ಷೆಯ ವರದಿ.

ಸುದ್ದಿ ಹರಡಿದ ಕೂಡಲೇ ಉಳಿದಿದ್ದ ಗ್ಯಾಲರಿಗಳಲ್ಲಿ ಜನ ಮುಗಿಬಿದ್ದರು. ಇನ್ನು ಹೊಸದು ಬರುವುದಿಲ್ಲ, ಬೆಲೆ ಏರುತ್ತದೆ ಎಂಬ ಎಣಿಕೆ. ಹೊಸದು ಬರುತ್ತಲೇ ಇದೆ. ಅವನ ಹೆಸರಿನ ಸ್ಟುಡಿಯೊದಲ್ಲಿ ಬೇರೆ ಕಲಾವಿದರು ಇವತ್ತಿಗೂ ಅದೇ ಬೆಳಕನ್ನು ಬರೆಯುತ್ತಿದ್ದಾರೆ. ಅವನು ಬೀಗ ಹಾಕಿಟ್ಟಿದ್ದ ಕೋಣೆಯಿಂದ ಹೊರಬಂದ ಕೃತಿಗಳ ಮಾತು ಬೇರೆ. 2023ರ ಒಂದು ಸಾಕ್ಷ್ಯಚಿತ್ರದಲ್ಲಿ ಕುಟುಂಬದವರು ಅವನ್ನು ತೋರಿಸಿದರು. ಕಪ್ಪು ಬಣ್ಣ, ಒರಟು ಗೆರೆ, ದೀಪವಿಲ್ಲದ ಮನೆ. ಅವುಗಳ ಬೆನ್ನಿಗೆ ಚೀಟಿಯಿಲ್ಲ.

ಆಸ್ತಿಯ ಜಗಳ ಸ್ಯಾನ್ ಹೋಸೆಯ ನ್ಯಾಯಾಲಯಕ್ಕೆ ಹೋಯಿತು. ಗೆಳತಿ ಎರಡು ಕೈಬರಹದ ಪತ್ರಗಳನ್ನು ಮುಂದಿಟ್ಟಳು, 2011ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳಿನವು. ಮನೆಯನ್ನು ಅವಳಿಗೆ ಬಿಟ್ಟುಕೊಟ್ಟು, ತನ್ನ ಚಿತ್ರಗಳ ವಸ್ತುಸಂಗ್ರಹಾಲಯ ಕಟ್ಟಲು 1 ಕೋಟಿ ಡಾಲರು ಕೊಟ್ಟಿದ್ದೇನೆ ಎಂಬುದು ಅವುಗಳ ಒಕ್ಕಣೆ. ಅಕ್ಷರಗಳು ಓದಲಾರದಷ್ಟು ನಡುಗಿದ್ದವು. ಇವು ಅವನದೇ ಬರಹವೇ, ಬರೆದಾಗ ಅವನಿಗೆ ಸ್ಥಿಮಿತವಿತ್ತೇ ಎಂದು ನ್ಯಾನೆಟ್ಟಳ ಕಡೆಯವರು ಕೇಳಿದರು. ಈ ಪತ್ರಗಳ ಜೊತೆ ಪ್ರಮಾಣಪತ್ರವಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಗುಟ್ಟಾಗಿ ರಾಜಿಯಾದ್ದರಿಂದ, ಆ ಸಹಿಗಳು ಅಸಲಿಯೇ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಹೇಳಬೇಕಾಗಿ ಬರಲಿಲ್ಲ.